ಎರಡನೇ ಸಿಲಿಂಡರಿನ ಕಾಯಿಲ್

ಮನೆಗೆ ಹೊಂದಿಕೊಂಡ ಗ್ಯಾರೇಜಿನಲ್ಲಿ ನಿಂತಿದ್ದ ಟ್ಯಾಕ್ಸಿ ಜ್ವರ ಬಂದವರಂತೆ ನಡುಗುತ್ತಿತ್ತು. ನೆಲಿದಾ ಸ್ಕ್ಯಾನರಿನಲ್ಲಿ ಹಳೆಯ ದೋಷದ ಕೋಡನ್ನು ಅಳಿಸಿ ಕಾದಳು. ಮತ್ತೆ ಅದೇ ಬಂತು: ಎರಡನೇ ಸಿಲಿಂಡರ್ ಮಿಸ್ಸಿಂಗ್, ಸರಿಯಾಗಿ ಉರಿಯುತ್ತಿಲ್ಲ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಎರಡನೆಯದಕ್ಕೆ ಕಿಡಿ ಕೊಡುತ್ತಿದ್ದ ಕಾಯಿಲನ್ನು ಕಿತ್ತು ಮೂರನೆಯದಕ್ಕೆ, ಮೂರನೆಯದರದ್ದನ್ನು ಎರಡಕ್ಕೆ ಈಗಷ್ಟೇ ಹಾಕಿದ್ದಳು. ಕಾಯಿಲ್ ಕೆಟ್ಟಿದ್ದರೆ ದೋಷವೂ ಅದರ ಬೆನ್ನು ಹತ್ತಿ ಮೂರಕ್ಕೆ ಹೋಗಬೇಕಿತ್ತು.

ಅವಳ ಗಮನ ಪೂರ್ತಿ ಇಲ್ಲಿರಲಿಲ್ಲ. ಬೆಳಿಗ್ಗೆ ಕಾಂಕಾರ್ದಿಯಾದಿಂದ ಅಕ್ಕ ಎಲ್ವಿರಾ ಫೋನ್ ಮಾಡಿದ್ದಳು. ನೆಲಿದಾ ಮತ್ತು ಗಂಡ ತಮ್ಮ ಮಗಳು ಮಾರಿಸೋಲಳನ್ನು ಚಳಿಗಾಲದ ಮೊದಲೇ ಅಲ್ಲಿಗೆ ಕಳಿಸಿದ್ದರು. ಹುಡುಗಿ ತಾನಾಗಿ ಏಳುತ್ತಾಳಂತೆ, ಪಾತ್ರೆ ತೊಳೆಯುತ್ತ ಹಾಡುತ್ತಾಳಂತೆ, ಪಕ್ಕದ ಮನೆ ಪಾದ್ರಿಯನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಾಳಂತೆ. ಯಾರ ಮಗಳ ವಿಷಯ ಹೇಳುತ್ತಿದ್ದಾಳೆ ಇವಳು ಎಂದು ನೆಲಿದಾಗೆ ಅನ್ನಿಸಿತ್ತು. ಈ ಮನೆಯಲ್ಲಿ ಮಾರಿಸೋಲ್ ರಕ್ತ ಬರುವವರೆಗೆ ಉಗುರು ಕಚ್ಚುತ್ತಿದ್ದಳು. ಊಟದ ಮೇಜಿನಿಂದ ಅರ್ಧಕ್ಕೇ ಎದ್ದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹುಡುಗಿಯಲ್ಲೇ ಏನೋ ಐಬಿದೆ ಎಂದು ಅವಳ ಅಪ್ಪ ಹೇಳಿದಾಗ ನೆಲಿದಾಳೂ ಹೌದೆಂದು ತಲೆಯಾಡಿಸಿದ್ದಳು.

ಗಂಡ ಒವಿದಿಯೊ ಯೆರ್ಬಾ ಎಲೆಯ ಕಷಾಯ ತುಂಬಿದ ಸೋರೆ ಬುರುಡೆ ಹಿಡಿದು ಒಳಗಿನಿಂದ ಬಂದ.

“ಭಾನುವಾರ ಹೋಗಿ ಕರ್ಕೊಂಡ್ ಬರ್ತೀನಿ ಅವಳನ್ನ,” ಎಂದ. “ನಿಮ್ಮಕ್ಕ ರಿಪೇರಿ ಮಾಡಿದಾಳಲ್ಲ, ಇನ್ನು ಅಲ್ಯಾಕೆ?”

“ಅಕ್ಕ ಏನೂ ಮಾಡಿಲ್ವಂತೆ. ಅವಳ ಪಾಡಿಗೆ ಬಿಟ್ಟಿದೀನಿ ಅಂದ್ಲು.”

“ಪಾಡಿಗೆ ಬಿಟ್ರೆ ಯಾರ್ ಸರಿಹೋಗ್ತಾರೆ ಮಾರಾಯ್ತಿ? ಬೆಲ್ಟು ಗಿಲ್ಟು ತೋರ್ಸಿರ್ತಾಳೆ, ನಿನ್ ಹತ್ರ ಹೇಳ್ತಾಳಾ?” ತನ್ನ ಮಾತಿಗೆ ತಾನೇ ನಕ್ಕು ಅವನು ಸ್ಕ್ಯಾನರಿನತ್ತ ಬಗ್ಗಿದ. “ಏನಂತೆ ಇದರ ಗೋಳು?”

“ಕಾಯಿಲ್ ಮೂರಕ್ಕೆ ಹಾಕ್ದೆ. ಆದ್ರೂ ಎರಡೇ ತೋರಿಸ್ತಿದೆ.”

“ಮತ್ತೆ ಆ ಕಾಯಿಲ್‌ನ ಯಾಕೆ ದುರುಗುಟ್ಕೊಂಡ್ ನೋಡ್ತಿದೀಯ? ಜಾಗ ಬದಲಾದ್ಮೇಲೆ ನೆಟ್ಟಗೆ ನಡೀತಿದೆ ಅಂದ್ರೆ ಅದರದ್ದೇನೂ ತಪ್ಪಿಲ್ಲ. ಕೆಟ್ಟಿರೋದು ಆ ಜಾಗ. ಅಲ್ಲಿಗೆ ಹೊಸಾದು ತಂದು ಹಾಕಿದ್ರೂ ಅದರ ಗತಿ ಅಷ್ಟೇ.”

ಹೇಳಿ ಬುರುಡೆಯ ತಳದಲ್ಲಿ ಉಳಿದದ್ದನ್ನು ಸೊರ್ರನೆ ಹೀರಿದ. ತಾನೇನು ಹೇಳಿದೆನೆಂದು ಅವನಿಗೆ ಗೊತ್ತಾಗಲಿಲ್ಲ.

ನೆಲಿದಾ ತೆರೆದ ಬಾಗಿಲಿನೊಳಗೆ ಅಡುಗೆಮನೆಯ ಮೇಜನ್ನು ನೋಡಿದಳು. ಒವಿದಿಯೊನ ಕುರ್ಚಿಗೆ ಎದುರಾಗಿ ಮಾರಿಸೋಲಳ ಕುರ್ಚಿ. ಅವಳ ನಡಿಗೆ, ಅವಳ ಹಲ್ಲು, ಅವಳು ಚಮಚ ಹಿಡಿಯುವ ರೀತಿ, ಎಲ್ಲವನ್ನೂ ಅವನು ಒಂದೊಂದಾಗಿ ಹಂಗಿಸುತ್ತಿದ್ದ. ಆಗ ರೇಡಿಯೊದ ದನಿ ಜೋರು ಮಾಡಿ, ಆರಿಹೋಗುತ್ತೆ ಬೇಗ ತಿನ್ನು ಎನ್ನುತ್ತಿದ್ದವಳು ತಾನು. ಕೆಟ್ಟ ಆ ಜಾಗದಲ್ಲಿ ಒವಿದಿಯೊ ಒಬ್ಬನೇ ಇರಲಿಲ್ಲ.

“ಸದ್ಯಕ್ಕೆ ಕಾಯಿಲ್‌ನ ಅದರ ಜಾಗಕ್ಕೇ ವಾಪಸ್ ಹಾಕ್ಬಿಡು,” ಎನ್ನುತ್ತ ಅವನು ಬಿಸಿನೀರು ತರಲು ಒಳಗೆ ಹೋದ. “ಊಟ ಆದ್ಮೇಲೆ ಬಿಚ್ಚಿ ನೋಡೋಣ.”

“ಹ್ಞೂಂ,” ಎಂದಳು.

ಎಂಜಿನ್ ಆರಿಸಿ ಸ್ಪ್ಯಾನರ್ ಎತ್ತಿಕೊಂಡಳು. ಮಗಳ ಬೇಸಿಗೆ ಬಟ್ಟೆಗಳು ಬೀರುವಿನ ಮೇಲಿನ ಚೀಲದಲ್ಲಿವೆ. ನಾಳೆ ಇವನು ಬಿಡಿಭಾಗ ತರಲು ಹೋದಾಗ ಅದನ್ನು ಕಾಂಕಾರ್ದಿಯಾ ಬಸ್ಸಿಗೆ ಹಾಕಿಬಿಡಬಹುದು. ಅಕ್ಕನಿಗೆ ಫೋನ್ ಮಾಡಿ, ಭಾನುವಾರ ಯಾರೇ ಬಂದರೂ ಕಳಿಸಬೇಡ ಎಂದರಾಯಿತು. ಮೂರನೇ ಸಿಲಿಂಡರಿನಲ್ಲಿ ಕುಳಿತಿದ್ದ ಕಾಯಿಲಿನ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಿ, ಬಾನೆಟ್ ಮುಚ್ಚಿದಳು.