ಹದಿನೇಳನೆಯ ಪ್ರಶ್ನೆ

"ಹೆಸರುಗಳನ್ನ ಯಾರಿಗೆ ಕೊಟ್ಟೆ?"

ಸಂಶೋಧಕಿಯ ದನಿಗೆ ಗೆಳತಿ ಕಂಪ್ಯೂಟರಿನಿಂದ ತಲೆಯೆತ್ತಿದಳು. ಹತ್ತು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರು ಇಬ್ಬರೂ.

"ತಲೆ ಕೆಟ್ಟಿದೆಯೇನೇ ನಿಂಗೆ? ನಾನು ಯಾರಿಗೂ ಕೊಟ್ಟಿಲ್ಲ."

"ನಿನ್ನ ಭಾವ ರೈಲು ಕಂಪನಿಯಲ್ಲೇ ಇದ್ದಾರಲ್ಲ."

ಗೆಳತಿ ಕಂಪ್ಯೂಟರ್ ಆರಿಸಿ ಎದ್ದು ಹೊರಗೆ ಹೋದಳು.

ದರ್ಜಿಗಳ ಬೀದಿಯನ್ನು ಕೆಡವಿ ರೈಲು ನಿಲ್ದಾಣ ಕಟ್ಟುವ ಯೋಜನೆ ಅದು. ಅದರಿಂದ ಅಲ್ಲಿನ ಬದುಕು ಏನಾಗುತ್ತದೆಂದು ಅಳೆಯುವ ಅಧ್ಯಯನಕ್ಕೆ ವಿಧಾನ ರೂಪಿಸಿದವಳು ಸಂಶೋಧಕಿ. ಪ್ರಶ್ನಾವಳಿಯ ಕರಡನ್ನು ಮೊದಲು ಓದಿಸಿದ್ದು ಅದೇ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ತನ್ನ ಅಕ್ಕನಿಗೆ.

"'ಸ್ಥಳಾಂತರ' ಅಂದ್ರೆ ಯಾರಿಗೆ ಅರ್ಥ ಆಗುತ್ತೆ? ಅಂಗಡಿ ಹೋದ್ರೆ ಏನ್ಮಾಡ್ತೀರಿ ಅಂತ ಕೇಳು," ಎಂದು ಅಕ್ಕ ತಿದ್ದಿದ್ದಳು. "ಕಷ್ಟ ಬಂದ್ರೆ ಯಾರ ಮಾತು ಕೇಳ್ತೀರಿ ಅಂತಾನೂ ಸೇರಿಸು. ಜನ ಮನಸ್ಸು ಬಿಚ್ಚಿ ಮಾತಾಡ್ತಾರೆ."

ಅದು ಹದಿನೇಳನೆಯ ಪ್ರಶ್ನೆಯಾಯಿತು. ಯಾವ ಉತ್ತರವೂ ಹೊರಗೆ ಹೋಗದೆಂದು ಸಂಶೋಧಕಿ ಮನೆಮನೆಗೂ ಮಾತು ಕೊಟ್ಟಳು. ತುಂಬಿದ ಹಾಳೆಗಳು ಸಂಜೆಯವರೆಗೆ ಅಕ್ಕನ ಅಂಗಡಿಯಲ್ಲಿ, ಆಮೇಲೆ ಗೆಳತಿಯ ಮೇಜಿನ ಮೇಲೆ.

ಆ ಪ್ರಶ್ನೆಗೆ ಇನ್ನೂರು ಮನೆಗಳು ಹೇಳಿದ್ದು ಒಂಬತ್ತೇ ಹೆಸರು. ತಿಂಗಳೊಳಗೆ ಆ ಒಂಬತ್ತು ಮಂದಿಯೂ ಬೀದಿ ಬಿಡುವ ಒಪ್ಪಿಗೆಗೆ ಸಹಿ ಹಾಕಿದರು. ಒಬ್ಬರ ಮಗನಿಗೆ ರೈಲು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಇನ್ನೊಬ್ಬರಿಗೆ ಬೆದರಿಕೆ ಬಂತು. ಅವರ ಬೆನ್ನಿಗೇ ಬೀದಿಗೆ ಬೀದಿಯೇ ಬಾಗಿತು.

"ನಿನ್ನ ನಂಬಿ ಬಾಯಿ ಬಿಟ್ವಲ್ಲಮ್ಮ," ಎಂದು ಮುದುಕ ದರ್ಜಿಯೊಬ್ಬ ಅವಳ ಮುಖಕ್ಕೇ ಬಾಗಿಲು ಹಾಕಿಕೊಂಡ.

ಸಂಶೋಧಕಿ ಗೆಳತಿಯ ಮೇಲೆ ದೂರು ಬರೆದಳು. ಗೆಳತಿ ಕೆಲಸ ಕಳೆದುಕೊಂಡಳು. ಮೇಜು ಖಾಲಿ ಮಾಡುವಾಗ ಅವಳು ಅಳಲಿಲ್ಲ. "ನನ್ನೊಬ್ಬಳನ್ನೇ ಯಾಕೆ ಕೇಳಿದೆ?" ಎಂದಷ್ಟೇ ಅಂದಳು.

ಅಂದು ಅಕ್ಕನ ಮಡಿಲಲ್ಲಿ ತಲೆಯಿಟ್ಟು ಸಂಶೋಧಕಿ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಅವಳ ಕೂದಲು ಸವರುತ್ತ ಕೂತಳು.

"ಬಿಡೇ. ಹತ್ತಿರದವರೇ ಕೈ ಕೊಡೋದು."

ಬೀದಿ ಖಾಲಿಯಾಯಿತು. ಅಂತಿಮ ವರದಿಗೆ ಲಗತ್ತಿಸಲು ಕಂಪನಿ ಒಪ್ಪಿಗೆ ಪತ್ರಗಳ ಕಟ್ಟನ್ನು ಕಳಿಸಿತು. ಸಹಿ ಬಿದ್ದ ಕ್ರಮದಲ್ಲೇ ಜೋಡಿಸಿದ್ದರು. ಮೊದಲು ಆ ಒಂಬತ್ತು ಮಂದಿಯ ಪತ್ರಗಳಿರುತ್ತವೆ ಎಂದುಕೊಂಡು ಅವಳು ದಾರ ಬಿಚ್ಚಿದಳು.

ಎಲ್ಲಕ್ಕಿಂತ ಮೇಲಿದ್ದ ಪತ್ರದ ದಿನಾಂಕ ಪ್ರಶ್ನಾವಳಿಯ ಕರಡು ಸಿದ್ಧವಾಗುವುದಕ್ಕೂ ಹದಿನೈದು ದಿನ ಹಿಂದಿನದು. ಹೊಸ ನಿಲ್ದಾಣದ ಮೊದಲ ಮಳಿಗೆ ತನಗೇ ಸಿಗಬೇಕೆಂದು ಬರೆದು, ಸಹಿ ಹಾಕಿದ್ದವಳು ಅಕ್ಕ.