ಅಂಗಡಿ ಮುಚ್ಚಿದವನು

ಅವನು ನಾಟಕದವನು, ಜನ್ಮದಲ್ಲಿ ತಕ್ಕಡಿ ಹಿಡಿದವನಲ್ಲ. ತಂಪು ಪಾನೀಯದ ಕಂಪನಿಯೊಂದು ಕೈತುಂಬ ದುಡ್ಡು ಕೊಟ್ಟು ಅವನಿಗೆ ಪೆಟ್ಟಿಗೆ ಅಂಗಡಿಯವನ ವೇಷ ಹಾಕಿಸಿತ್ತು. ಪಾನೀಯಗಳ ಮೇಲೆ ಸರ್ಕಾರ ಹಾಕಿದ ತೆರಿಗೆಯಿಂದ ತನ್ನ ಅಂಗಡಿಯೇ ಮುಚ್ಚಿಹೋಯಿತೆಂದು ಟೀವಿ ಜಾಹೀರಾತಿನಲ್ಲಿ ಅವನನ್ನು ಅಳಿಸಿತ್ತು.

ಒಂದು ಬೆಳಿಗ್ಗೆ ಯಾವುದೋ ಊರಿನಲ್ಲಿ ಬಸ್ಸಿಳಿದು, ಆಗಷ್ಟೇ ಬಾಗಿಲು ತೆಗೆದಿದ್ದ ಪೆಟ್ಟಿಗೆ ಅಂಗಡಿಯಲ್ಲಿ ಎರಡು ಬಾಳೆಹಣ್ಣು ಕೇಳಿದ. ಹಣ್ಣು ಕೊಟ್ಟ ಮುದುಕಿ ಅವನ ಮುಖವನ್ನೇ ನೋಡಿದಳು.

"ಟೀವಿಲಿ ಅಂಗಡಿ ಮುಚ್ಕೊಂಡು ಅಳ್ತಿದ್ದೋನು ನೀನೇ ಅಲ್ವೇನಪ್ಪ?"

ಅವನು ತಲೆ ತಗ್ಗಿಸಿ ಜೇಬಿನಲ್ಲಿ ನೋಟು ಹುಡುಕಿದ.

"ನಿನ್ನ ನೋಡಿ ಕರುಳು ಚುರುಕ್ ಅಂತು ಕಣಪ್ಪ. ಆ ತೆರಿಗೆ ತೆಗೀರಿ ಅಂತ ಯಾರೋ ಅರ್ಜಿ ತಂದಿದ್ರು, ಹೆಬ್ಬೆಟ್ಟು ಒತ್ತಿದೆ. ನಂಗೇನೂ ನಷ್ಟ ಆಗಿರಲಿಲ್ಲ. ನಿನಗೋಸ್ಕರ ಒತ್ತಿದ್ದು."

ಅವನು ತಲೆ ತಗ್ಗಿಸಿಕೊಂಡೇ ನೋಟು ಚಾಚಿದ.

"ಚಿಲ್ಲರೆ ಬೇಡಜ್ಜಿ."

ಅದು ಅವಳ ಆ ದಿನದ ಮೊದಲ ವ್ಯಾಪಾರ. ಮುದುಕಿ ನೋಟನ್ನು ಕಣ್ಣಿಗೊತ್ತಿಕೊಂಡಳು. ಆದರೆ ಗಲ್ಲಾಪೆಟ್ಟಿಗೆಗೆ ಹಾಕದೆ, ಬಗ್ಗಿ ಅವನ ಅಂಗಿಯ ಜೇಬಿಗೇ ತುರುಕಿದಳು.

"ಇವತ್ತಿನ ನನ್ನ ಬೋಣಿ ನೀನಿಟ್ಕೋ. ಮತ್ತೆ ಅಂಗಡಿ ತೆಗೆಯೋ ದಿನ ಗಲ್ಲಾಕ್ಕೆ ಮೊದಲು ಇದನ್ನೇ ಹಾಕು."