ಸುಣ್ಣದ ಗೋಡೆ

ನಾಳೆ ಗುದ್ದಲಿ ಪೂಜೆ. ಜಯನಗರದ ಶಾಲೆಯ ಬಯಲಲ್ಲಿ ಹೊಸ ಕೋಣೆಗಳಿಗೆ ಸುಣ್ಣದ ಗೆರೆ ಹಾಕಿಸಿ ಮುಗಿದಿದ್ದರೂ ಎಂಜಿನಿಯರ್ ರಾಮಪ್ರಸಾದನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಜಾಗ ಕೊಟ್ಟ ತಿಮ್ಮರಾಯಪ್ಪನವರ ಒತ್ತಾಯಕ್ಕೆ ತರಗತಿಯನ್ನು ಕುಗ್ಗಿಸಿ, ಪಕ್ಕದಲ್ಲೇ ಕಮಿಟಿ ರೂಮು ಸೇರಿಸಿದ್ದ. ಅವರು ಆಗಲೇ ಆ ರೂಮಿನ ಗೆರೆಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಸತ್ಯಭಾಮಾ, ವರಾಂಡದಲ್ಲಿ ಪಾಠ ಕೇಳುತ್ತಿದ್ದ ಮೂರನೇ ಕ್ಲಾಸಿನ ಮಕ್ಕಳನ್ನು ಕರೆತಂದರು. “ಇದೇ ನಿಮ್ಮ ಹೊಸ ಕ್ಲಾಸು. ಎಲ್ರೂ ಬಾಗಿಲಿಂದ್ಲೇ ಬನ್ನಿ!” ಬಾಗಿಲಿಗೆಂದು ಗೆರೆ ಬಿಟ್ಟಿದ್ದ ಕಡೆಯಿಂದ ಮಕ್ಕಳು ಸಾಲಾಗಿ ಒಳಬಂದು ಒತ್ತೊತ್ತಾಗಿ ಕೂತರು. ಕೊನೆಗೆ ಬಂದ ಹುಡುಗಿ ಲಂಗ ಮುದುಡಿಕೊಂಡು, ಮಂಡಿ ಎದೆಗೊತ್ತಿಕೊಂಡು, ಕಮಿಟಿ ರೂಮಿನ ಗೆರೆಯ ಪಕ್ಕ ಹೇಗೋ ಜಾಗ ಮಾಡಿಕೊಂಡಳು.

“ಆ ಕಡೆ ಸರ್ಕೊಳ್ಳಮ್ಮ, ಜಾಗ ಇದೆಯಲ್ಲ,” ಎಂದ ರಾಮಪ್ರಸಾದ.

“ಗೋಡೆ ಇದೆ, ಸಾರ್.”

ತಿಮ್ಮರಾಯಪ್ಪನವರು ಗೊಳ್ಳೆಂದು ನಕ್ಕರು. ರಾಮಪ್ರಸಾದ ನಗಲಿಲ್ಲ. ಆ ಗೋಡೆಯನ್ನು ಚಪ್ಪಲಿಯಿಂದ ಈ ತುದಿಯಿಂದ ಆ ತುದಿವರೆಗೂ ಉಜ್ಜಿ ಅಳಿಸಿ, ಕುರ್ಚಿಯ ಮುಂದೆ ಬಂದು ನಿಂತ.

“ಏನ್ರೀ ಇದು? ನನ್ ರೂಮು ಕಣ್ರೀ!”

“ಸ್ವಲ್ಪ ಏಳ್ತೀರಾ, ಯಜಮಾನ್ರೇ? ಕ್ಲಾಸು ಶುರುವಾಗಿದೆ.”